ಮಧ್ಯದಲ್ಲಿ ಎದ್ದು ಹೋಗಲು ಬಿಡುವ ಗೇಮ್‌ಗಳು

ಹಳೇ ಗೇಮ್‌ಗಳೇ ಚೆಂದ, ಈಗಿನವೆಲ್ಲ ಬರೀ ದುಡ್ಡು ಕೀಳುವ ದಂಧೆ ಅನ್ನುವವರು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅರ್ಧ ಜನ ಇದ್ದಾರೆ. ಇನ್ನರ್ಧ ಜನ, ಆ ಹಳೇ ಗ್ರಾಫಿಕ್ಸ್ ನೋಡಿದರೆ ತಲೆನೋವು ಬರುತ್ತೆ ಮಾರಾಯ ಅನ್ನುತ್ತಾರೆ. ಎರಡೂ ಕಡೆಯವರ ಜೊತೆ ನನಗೆ ತಕರಾರಿದೆ. ನಾನು ದೊಡ್ಡ ಗೇಮರ್ ಏನಲ್ಲ. ಕೆಲಸ ಮುಗಿದು, ಊಟ ಆಗಿ, ಮಗಳು ಮಲಗಿದ ಮೇಲೆ ಸಿಗುವುದು ಒಂದು ಗಂಟೆ, ಅದೂ ಸಿಕ್ಕರೆ. ಯಾವ ಟೂರ್ನಮೆಂಟೂ ಆಡಿಲ್ಲ, ಯಾವ ಗೇಮನ್ನೂ ಮೂಲೆಮೂಲೆ ಹುಡುಕಿ ಪೂರ್ತಿ ಮುಗಿಸಿಲ್ಲ. ಇಂಥವನು ಗೇಮ್‌ನಲ್ಲಿ ಮೊದಲು ನೋಡುವುದೇ ಬೇರೆ. ಕುಕ್ಕರ್ ಕೂಗಿದರೆ, ಯಾರೋ ಬೆಲ್ ಮಾಡಿದರೆ, ಮಗು ಎದ್ದು ಅತ್ತರೆ ನನ್ನನ್ನು ಎದ್ದು ಹೋಗಲು ಬಿಡುತ್ತಾ? ವಾಪಸ್ ಬಂದಾಗ ಬಿಟ್ಟಲ್ಲೇ ಸಿಗುತ್ತಾ? ನನ್ನ ಪಾಲಿಗೆ ಒಂದು ಗೇಮ್ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಅರ್ಧ ಇಲ್ಲೇ ತೀರ್ಮಾನ ಆಗಿಬಿಡುತ್ತೆ. ಹೀಗೆ ನೋಡಿದರೆ ಹಳೇದು ಹೊಸದು ಅನ್ನುವ ಜಗಳದಲ್ಲಿ ಯಾರೂ ಪೂರ್ತಿ ಗೆಲ್ಲುವುದಿಲ್ಲ.

ನನ್ನ ವಯಸ್ಸಿನವರಿಗೆ ಹಳೇ ಗೇಮ್ ಅಂದರೆ ಮೊದಲು ಟಿವಿ ಗೇಮ್. ಒಂದು ಡಬ್ಬ, ಎರಡು ರಿಮೋಟ್, ಒಂದು ಪ್ಲಾಸ್ಟಿಕ್ ಪಿಸ್ತೂಲು, ಟಿವಿ ಹಿಂದೆ ಆಂಟೆನಾ ಜಾಗಕ್ಕೆ ಸಿಕ್ಕಿಸುವ ವೈರು. ಅದು ಜಪಾನಿನ ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮ್ ಅನ್ನುವ ಯಂತ್ರದ ನಕಲು ಅಂತ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಿ ಆಗಬೇಕಾದ್ದೂ ಏನಿರಲಿಲ್ಲ ಬಿಡಿ. ಗೇಮ್ ಇರುವ ಕಾರ್ಟ್ರಿಜ್‌ಗೆ ನಾವು ಕ್ಯಾಸೆಟ್ ಅನ್ನುತ್ತಿದ್ದೆವು. ಅದರ ಮೇಲೆ ‘9999 ಇನ್ 1’ ಅಂತ ದೊಡ್ಡದಾಗಿ ಬರೆದಿರುತ್ತಿತ್ತು. ಹಾಕಿ ನೋಡಿದರೆ ಅವೇ ಕೆಲವು ಗೇಮ್‌ಗಳು, ಹೆಸರು ಬದಲಾಯಿಸಿ, ಬೇರೆ ಬೇರೆ ಲೆವೆಲ್‌ನಿಂದ ಶುರುವಾಗುವ ಹಾಗೆ ಮಾಡಿ, ಪಟ್ಟಿ ತುಂಬಾ ಮತ್ತೆ ಮತ್ತೆ ಬರುತ್ತಿದ್ದವು. ಗೇಮ್ ಮಾರುವವರು ಈಗೀಗ ಸುಳ್ಳು ಹೇಳಲು ಶುರು ಮಾಡಿದ್ದಾರೆ ಅನ್ನುವವರು ಆ ಕ್ಯಾಸೆಟ್ ನೋಡಿಲ್ಲ.

ಆದರೆ ಅದರೊಳಗಿದ್ದ ಮಾರಿಯೋ, ಅಬ್ಬಾ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಗೇಮ್ ಸೇರಿ 40 ಕೆಬಿ. ಬೆಳಿಗ್ಗೆ ಎದ್ದ ತಕ್ಷಣ ದೊಡ್ಡಪ್ಪ ಕಳಿಸುವ ಶುಭೋದಯದ ಫೋಟೋ ಇದಕ್ಕಿಂತ ದೊಡ್ಡದಿರುತ್ತೆ. ಅಷ್ಟರಲ್ಲೇ 32 ಲೆವೆಲ್, ಸಂಗೀತ, ನೀರೊಳಗಿನ ಈಜು, ಬೆಂಕಿ ಉಗುಳುವ ವಿಲನ್ ಎಲ್ಲ ಹಿಡಿಸಿದ್ದಾರೆ. ಜಾಗ ಉಳಿಸಲು ಎಂಥ ಕರಾಮತ್ತು ಮಾಡಿದ್ದಾರೆ ಅಂದರೆ, ಆಕಾಶದ ಮೋಡ, ನೆಲದ ಮೇಲಿನ ಪೊದೆ ಎರಡೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಅಷ್ಟು ವರ್ಷ ಆಡಿದರೂ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ ಅಲ್ವಾ?

ನನಗೆ ಅದಕ್ಕಿಂತ ಇಷ್ಟ ಮೊದಲ ಲೆವೆಲ್‌ನ ಮೊದಲ ಅರ್ಧ ನಿಮಿಷ. ಮಾರಿಯೋ ಎಡಗಡೆ ನಿಂತಿರುತ್ತಾನೆ, ಬಲಗಡೆ ಖಾಲಿ. ಹಾಗಾಗಿ ಯಾರೂ ಹೇಳದಿದ್ದರೂ ಬಲಕ್ಕೆ ಹೋಗುತ್ತೀರಿ. ಎದುರಿಂದ ಕಂದು ಬಣ್ಣದ ಒಂದು ಪ್ರಾಣಿ ಬರುತ್ತೆ. ಮುಟ್ಟಿದರೆ ಸತ್ತಿರಿ. ಮುಂದಿನ ಸಲ ಹಾರುತ್ತೀರಿ. ಹಾರುವಾಗ ಮೇಲಿರುವ ಪ್ರಶ್ನೆ ಚಿಹ್ನೆಯ ಪೆಟ್ಟಿಗೆಗೆ ತಲೆ ತಾಗಿ ಕಾಸು ಬರುತ್ತೆ. ಓಹೋ ಅಂತ ಪಕ್ಕದ್ದಕ್ಕೂ ಗುದ್ದುತ್ತೀರಿ. ಅದರಿಂದ ಒಂದು ಅಣಬೆ ಹೊರಬಂದು, ಬಲಕ್ಕೆ ಹೋಗಿ, ಕೆಳಗೆ ಬಿದ್ದು, ಅಲ್ಲಿರುವ ಕೊಳವೆಗೆ ಡಿಕ್ಕಿ ಹೊಡೆದು ತಿರುಗಿ ನಿಮ್ಮ ಕಡೆಗೇ ಬರುತ್ತೆ. ಹೆದರಿ ತಪ್ಪಿಸಿಕೊಳ್ಳಲು ನೋಡಿದರೂ ಮೇಲೆ ಇಟ್ಟಿಗೆ ಇರುವುದರಿಂದ ಜಾಗ ಕಮ್ಮಿ, ಅಣಬೆ ಮೈಗೆ ತಾಗಿ ಮಾರಿಯೋ ದೊಡ್ಡವನಾಗುತ್ತಾನೆ. ಅಷ್ಟೇ, ಪಾಠ ಮುಗಿಯಿತು. ಒಂದು ಅಕ್ಷರ ಓದಿಸಲಿಲ್ಲ. ಎ ಬಿ ಸಿ ಡಿ ಬಾರದ ನಮ್ಮ ಬೀದಿಯ ಹುಡುಗರಿಗೂ ಆ ಗೇಮ್ ಯಾಕೆ ಬಂತು ಅಂದರೆ ಇದಕ್ಕೇ. ಈಗಿನ ಎಷ್ಟೋ ದೊಡ್ಡ ಗೇಮ್‌ಗಳಲ್ಲಿ ಮೊದಲ ಒಂದು ಗಂಟೆ ಬರೀ ಸೂಚನೆ. ನಡೆಯಲು ಇದನ್ನು ಒತ್ತಿ, ಬಗ್ಗಲು ಇದನ್ನು ಒತ್ತಿ, ಇದು ನಿಮ್ಮ ಬ್ಯಾಗು, ಇದು ನಿಮ್ಮ ಮ್ಯಾಪು, ಮ್ಯಾಪಿನ ಮೇಲೆ ಇನ್ನೂರು ಗುರುತು. ನನಗಿರುವುದೇ ಒಂದು ಗಂಟೆ. ಅದು ಬ್ಯಾಗು ತೋರಿಸುವುದರಲ್ಲೇ ಹೋಯಿತು.

ಹಾಗಂತ ಟಿವಿ ಗೇಮ್ ನನ್ನ ಪರೀಕ್ಷೆಯಲ್ಲಿ ಪಾಸಾಗುತ್ತಾ ಅಂದರೆ ಅರ್ಧಂಬರ್ಧ. ಸ್ಟಾರ್ಟ್ ಬಟನ್ ಒತ್ತಿದರೆ ನಿಲ್ಲುತ್ತಿತ್ತು, ಅಮ್ಮ ಹೇಳಿದ ಕೊತ್ತಂಬರಿ ಸೊಪ್ಪು ತಂದು ವಾಪಸ್ ಕೂರಬಹುದಿತ್ತು. ಆದರೆ ಸೇವ್ ಅನ್ನುವುದೇ ಇಲ್ಲ. ನಾಲ್ಕು ಲೆವೆಲ್ ಸೇರಿ ಒಂದು ಲೋಕ; ಕಷ್ಟಪಟ್ಟು ಆರನೇ ಲೋಕದವರೆಗೆ ಹೋದರೆ ಅವತ್ತೇ ಮುಗಿಸಬೇಕು, ಇಲ್ಲ ಅಂದರೆ ನಾಳೆ ಮತ್ತೆ ಒಂದನೇ ಲೋಕ. ಗೇಮ್ ಓವರ್ ಆದ ಮೇಲೆ ಎ ಬಟನ್ ಹಿಡಿದುಕೊಂಡು ಸ್ಟಾರ್ಟ್ ಒತ್ತಿದರೆ ಸತ್ತ ಲೋಕದಿಂದಲೇ ಶುರು ಮಾಡಬಹುದಿತ್ತಂತೆ. ಇದು ನನಗೆ ತಿಳಿದಿದ್ದು ಟಿವಿ ಗೇಮ್ ಗುಜರಿಗೆ ಹೋಗಿ ಎಷ್ಟೋ ವರ್ಷ ಆದ ಮೇಲೆ. ಅದಕ್ಕೇ ನಾವು ಪಾಝ್ ಮಾಡಿ, ಟಿವಿ ಮಾತ್ರ ಆಫ್ ಮಾಡಿ, ಡಬ್ಬ ಆನ್ ಇಟ್ಟೇ ಸ್ಕೂಲಿಗೆ ಹೋಗುತ್ತಿದ್ದೆವು. ಸಂಜೆ ಬಂದು ನೋಡಿದರೆ ಅಡಾಪ್ಟರ್ ಕೈ ಇಡಲಾಗದಷ್ಟು ಬಿಸಿ. ಇಷ್ಟೆಲ್ಲ ಮಾಡಿದರೂ ತಿಪಟೂರಿನ ಕರೆಂಟು ನಮ್ಮ ಮಾತು ಕೇಳಬೇಕಲ್ಲ. ಮಧ್ಯಾಹ್ನ ಒಂದು ಸಲ ಹೋಗಿ ಬಂದರೆ ಮಾರಿಯೋ ಮತ್ತೆ ಮೊದಲ ಕೊಳವೆಯ ಹತ್ತಿರ.

ಅದೇ ಡಬ್ಬದಲ್ಲಿ ಆಡುತ್ತಿದ್ದ, ಗುಂಡು ಹಾರಿಸುತ್ತಾ ಓಡುವ ಕಾಂಟ್ರಾ ಇನ್ನೊಂದು ತರದ ಹಿಂಸೆ. ಮೂರನೇ ಸ್ಟೇಜ್ ನೆನಪಿದೆಯಾ, ಜಲಪಾತದ್ದು? ಅಲ್ಲಿ ಮೇಲಕ್ಕೆ ಹತ್ತಬೇಕು. ಇಬ್ಬರು ಆಡುವಾಗ ಒಬ್ಬ ಬೇಗ ಹತ್ತಿದರೆ ಸ್ಕ್ರೀನ್ ಅವನ ಜೊತೆ ಮೇಲೆ ಹೋಗುತ್ತೆ, ಕೆಳಗೆ ಉಳಿದವನು ಯಾರೂ ಗುಂಡು ಹಾರಿಸದೆ ಸುಮ್ನೆ ಸಾಯುತ್ತಾನೆ. ನನ್ನ ಅಣ್ಣ ಇದನ್ನು ಬೇಕಂತಲೇ ಮಾಡುತ್ತಿದ್ದ. ‘ನಿಧಾನಕ್ಕೆ ಹತ್ತೋ’ ಅಂದರೆ ‘ನೀನು ಬೇಗ ಹತ್ತೋ’ ಅನ್ನುತ್ತಿದ್ದ. ಗುಂಡುಗಳನ್ನು ಅಗಲಕ್ಕೆ ಚೆದುರಿಸುವ ಎಸ್ ಅಕ್ಷರದ ಗನ್ ಕೂಡ ಅವನಿಗೇ. ಮೂವತ್ತು ಲೈಫ್ ಇದ್ದರೂ ನನ್ನದು ಐದನೇ ಸ್ಟೇಜಿಗೆ ಖಾಲಿ.

ಇನ್ನು ಆ ಪಿಸ್ತೂಲಿನ ಬಾತುಕೋಳಿ ಗೇಮ್. ಅದು ಕೆಲಸ ಮಾಡುವ ರೀತಿ ದೊಡ್ಡವನಾದ ಮೇಲೆ ಓದಿ ದಂಗಾಗಿದ್ದೆ. ಪಿಸ್ತೂಲಿನಿಂದ ಏನೂ ಹೊರಗೆ ಬರುವುದಿಲ್ಲ, ಅದರೊಳಗೆ ಬೆಳಕು ಗುರುತಿಸುವ ಒಂದು ಸೆನ್ಸರ್ ಅಷ್ಟೇ. ಕುದುರೆ ಎಳೆದ ತಕ್ಷಣ ಟಿವಿ ಪೂರ್ತಿ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮಿಂಚಿ ಹೋಗುತ್ತೆ. ಪಿಸ್ತೂಲಿಗೆ ಆ ಬಿಳಿ ಕಂಡರೆ ಗುರಿ ಸರಿ ಅಂತ. ಇದೆಲ್ಲ ಹಳೇ ಡೂಮು ಟಿವಿಯ ವೇಗವನ್ನು ನಂಬಿ ಮಾಡಿದ್ದು. ಹಾಗಾಗಿ ಈಗಿನ ಎಲ್‌ಇಡಿ ಟಿವಿಗೆ ಸಿಕ್ಕಿಸಿದರೆ ಒಂದು ಬಾತುಕೋಳಿಯೂ ಬೀಳುವುದಿಲ್ಲ.

ಈ ಗೇಮ್‌ಗಳು ಅಷ್ಟು ಕಷ್ಟ ಯಾಕಿದ್ದವು ಅನ್ನುವುದಕ್ಕೂ ಒಂದು ಕಾರಣ ಇದೆ, ಅದು ನಮ್ಮ ‘ಹಳೇದೇ ಚೆಂದ’ ಗುಂಪಿನವರಿಗೆ ರುಚಿಸುವುದಿಲ್ಲ. ಕಾಂಟ್ರಾ ಮೊದಲು ಬಂದಿದ್ದು ಮನೆಗಲ್ಲ, 1987ರಲ್ಲಿ ಆರ್ಕೇಡ್ ಅಂಗಡಿಗಳಿಗೆ. ಅಲ್ಲಿ ಕಾಸು ಹಾಕಿ ಆಡಬೇಕು. ಬೇಗ ಸತ್ತಷ್ಟೂ ಅಂಗಡಿಯವನಿಗೆ ಲಾಭ. ಸತ್ತ ಮೇಲೆ ಸ್ಕ್ರೀನ್ ಮೇಲೆ 9, 8, 7 ಅಂತ ಎಣಿಸುತ್ತಾ ಇನ್ನೊಂದು ಕಾಸು ಹಾಕು, ಇಲ್ಲ ಅಂದರೆ ಇಷ್ಟು ಹೊತ್ತು ಆಡಿದ್ದೆಲ್ಲ ಹೋಯಿತು ಅಂತ ಹೆದರಿಸುವುದು. ಇದು ಈಗಿನ ಮೊಬೈಲ್ ಗೇಮ್‌ಗಳ ಕೆಲಸವೇ ಅಲ್ವಾ? ಮನೆಗೆ ಬಂದ ಗೇಮ್‌ಗಳಲ್ಲಿ ಕಾಸು ಇರಲಿಲ್ಲ, ಆದರೆ ಆ ಕಷ್ಟ ಹಾಗೇ ಉಳಿಯಿತು, ಯಾಕೆಂದರೆ ಗೇಮ್ ತುಂಬಾ ಚಿಕ್ಕದು. ಪಳಗಿದವರು ಇಡೀ ಸೂಪರ್ ಮಾರಿಯೋವನ್ನು, ಮಧ್ಯೆ ಲೋಕಗಳನ್ನು ಹಾರಿಸಿಕೊಂಡು, 5 ನಿಮಿಷದೊಳಗೆ ಮುಗಿಸುತ್ತಾರೆ. ನಮ್ಮ ಒಂದು ಇಡೀ ಬೇಸಿಗೆ ರಜೆ ತಿಂದಿದ್ದು ಗೇಮ್‌ನ ಉದ್ದ ಅಲ್ಲ, ಮತ್ತೆ ಮತ್ತೆ ಮೊದಲಿಗೆ ಬರುವುದು.

ಆಮೇಲೆ ಕಂಪ್ಯೂಟರ್ ಬಂತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿದ ಪಿಸಿ, ನ್ಯಾಷನಲ್ ಮಾರ್ಕೆಟ್‌ನಿಂದ ಯಾರೋ ತಂದ ಸಿಡಿ, ಆ ಸಿಡಿ ಬೀದಿಯ ಎಲ್ಲರ ಮನೆ ಸುತ್ತಿ ಕೊನೆಗೆ ನಮ್ಮನೆಗೆ ಬರುವಷ್ಟರಲ್ಲಿ ಗೀರುಗೀರು. ನಕಲಿ ಸಿಡಿ ಅನ್ನುವ ಪ್ರಜ್ಞೆಯೂ ಇರಲಿಲ್ಲ, ಅಸಲಿ ಕೊಳ್ಳೋಣ ಅಂದರೆ ನಮ್ಮೂರಿನಲ್ಲಿ ಅಂಗಡಿಯೂ ಇರಲಿಲ್ಲ.

ಆ ಕಾಲದ ಗೇಮ್‌ಗಳಲ್ಲಿ ಐಜಿಐ ಬಗ್ಗೆ ಹೇಳಲೇಬೇಕು. ನಾರ್ವೆಯ ಇನ್ನರ್‌ಲೂಪ್ ಅನ್ನುವ ಸ್ಟುಡಿಯೋ ಮಾಡಿ, 2000ದ ಕೊನೆಗೆ ಬಂದ ಗೇಮ್. ಹೊರದೇಶಗಳಲ್ಲಿ ಎಷ್ಟೋ ಜನಕ್ಕೆ ಮರೆತೇ ಹೋಗಿರಬಹುದು, ನಮ್ಮಲ್ಲಿ ಮಾತ್ರ ಕಂಪ್ಯೂಟರ್ ಇದ್ದ ಮನೆಯಲ್ಲೆಲ್ಲ ಇತ್ತು. ಒಬ್ಬನೇ ಶತ್ರುಗಳ ಕ್ಯಾಂಪಿಗೆ ನುಗ್ಗಬೇಕು. ಬೇಲಿ ಹೊರಗೆ ಬಗ್ಗಿ ಕೂತು, ಕಾವಲು ಗೋಪುರದ ಮೇಲಿರುವವನನ್ನು ದೂರದಿಂದ ಹೊಡೆದು, ಕ್ಯಾಮೆರಾ ಆ ಕಡೆ ತಿರುಗುವವರೆಗೆ ಕಾದು, ಓಡಿ ಹೋಗಿ ಗೋಡೆಗೆ ಒರಗಿ ನಿಂತಾಗ ಎದೆ ಬಡಿತ ನಿಜವಾಗಿಯೂ ಕೇಳಿಸುತ್ತಿತ್ತು. ಕ್ಯಾಮೆರಾ ಕಣ್ಣಿಗೆ ಬಿದ್ದರೆ ಅಲಾರಂ, ಅಲಾರಂ ಆದರೆ ಎಲ್ಲೆಲ್ಲಿಂದಲೋ ಜನ. 14 ಮಿಷನ್. ಮಿಷನ್ ಮಧ್ಯದಲ್ಲಿ ಸೇವ್ ಇಲ್ಲ! ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದು ಆಡಿ, ಕೊನೆಯ ಬಾಗಿಲಿನ ಹಿಂದೆ ನಿಂತಿದ್ದ ಒಬ್ಬ ಗುಂಡು ಹೊಡೆದರೆ ಮತ್ತೆ ಬೇಲಿ ಹೊರಗೆ. ಅದರಿಂದಲೇ ಆ ಭಯಕ್ಕೆ ಬೆಲೆ ಬಂತು ಅನ್ನುವವರಿದ್ದಾರೆ, ಒಪ್ಪುತ್ತೇನೆ. ಹದಿನೈದರ ಹುಡುಗನಿಗೆ ಅದು ಸರಿ. ನಲವತ್ತರ ಹತ್ತಿರ ಬಂದವನಿಗೆ ಅದು ಮುಕ್ಕಾಲು ಗಂಟೆ ನಿದ್ದೆ.

ಊರೆಲ್ಲ ಸುತ್ತಿ ಗೂಂಡಾಗಿರಿ ಮಾಡುವ ಜಿಟಿಎ ಸರಣಿಯ ವೈಸ್ ಸಿಟಿ ಬಗ್ಗೆ ಎಲ್ಲರೂ ಕಣ್ಣಲ್ಲಿ ನೀರು ತಂದುಕೊಂಡು ಮಾತಾಡುತ್ತಾರೆ. ಬೈಕು, ರೇಡಿಯೋ, ಬೀಚು, ಹೌದು, ಎಲ್ಲ ಚೆಂದ. ಆದರೆ ಆ ಆಟಿಕೆ ಹೆಲಿಕಾಪ್ಟರ್ ಮಿಷನ್ ಎಷ್ಟು ಜನ ಮುಗಿಸಿದ್ದೀರಿ, ಎದೆ ಮುಟ್ಟಿಕೊಂಡು ಹೇಳಿ. ಕಟ್ಟುತ್ತಿರುವ ಬಿಲ್ಡಿಂಗಿನೊಳಗೆ ಅದನ್ನು ಹಾರಿಸಿ ನಾಲ್ಕು ಬಾಂಬ್ ಇಡಬೇಕು, ಟೈಮ್ ಓಡುತ್ತಿರುತ್ತೆ, ಕೆಲಸಗಾರರು ಬಂದು ಬಡಿಯುತ್ತಾರೆ, ಕೀಬೋರ್ಡಿನಲ್ಲಿ ಆ ಹೆಲಿಕಾಪ್ಟರ್ ಎಡಕ್ಕೆ ಅಂದರೆ ಬಲಕ್ಕೆ ವಾಲುತ್ತೆ. ನನಗೆ ಗೊತ್ತಿರುವ ಹೆಚ್ಚಿನವರ ಕಥೆ ಅಲ್ಲಿಗೇ ನಿಂತಿತು. ಆಮೇಲೆ ಏನಿದ್ದರೂ ಪ್ಯಾಂಜರ್ ಅನ್ನುವ ಗುಪ್ತ ಪದ ಟೈಪ್ ಮಾಡಿ, ಆಕಾಶದಿಂದ ಬಿದ್ದ ಟ್ಯಾಂಕ್ ಹತ್ತಿ ಊರು ಸುತ್ತುವುದು. ಅದೇ ಖುಷಿ ಕೊಡುತ್ತಿತ್ತು ಅನ್ನುವುದು ಬೇರೆ ಮಾತು.

ಹಳೇದರಲ್ಲಿ ನನ್ನ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಪಾಸಾಗುವುದು ಎರಡು. ಒಂದು, ರಾಜ್ಯ ಕಟ್ಟಿ ಯುದ್ಧ ಮಾಡುವ 1999ರ ಏಜ್ ಆಫ್ ಎಂಪೈರ್ಸ್ 2. ಯಾವಾಗ ಬೇಕಾದರೂ ನಿಲ್ಲಿಸಿ, ಯಾವಾಗ ಬೇಕಾದರೂ ಸೇವ್ ಮಾಡಿ, ವಾರ ಬಿಟ್ಟು ಬಂದರೂ ನಿಮ್ಮ ಕುರಿಗಳು ಅಲ್ಲೇ ಇರುತ್ತವೆ. ಅದರ ಹೊಸ ರೂಪ 2019ರಲ್ಲಿ ಬಂತು. 2022ರಲ್ಲಿ ಭಾರತದ ರಾಜವಂಶಗಳನ್ನೂ ಸೇರಿಸಿದರು; ದ್ರಾವಿಡರಾಗಿ ಆಡಬಹುದು, ರಾಜೇಂದ್ರ ಚೋಳನ ಕಥೆಯೇ ಇದೆ. ನಮ್ಮ ಪುಲಕೇಶಿಯದ್ದೂ ಒಂದು ಬರಲಿ ಅಂತ ಕಾಯುತ್ತಿದ್ದೇನೆ. ಇನ್ನೊಂದು, 2006ರ ಕ್ರಿಕೆಟ್ 07. ಐದು ಓವರಿನ ಮ್ಯಾಚು, ಬಾಲ್ ಬಾಲಿಗೂ ನಿಲ್ಲಿಸಬಹುದು. ಭಾರತ ತಂಡಕ್ಕೆ ಅಸಲಿ ಲೈಸೆನ್ಸ್ ಇರಲಿಲ್ಲ, ನಮ್ಮವರ ಹೆಸರೆಲ್ಲ ಅಡ್ಡಾದಿಡ್ಡಿ. ಅದನ್ನು ಅಭಿಮಾನಿಗಳೇ ಸರಿಮಾಡಿ, ಇವತ್ತಿಗೂ ಹೊಸ ಐಪಿಎಲ್ ತಂಡಗಳ ಜೆರ್ಸಿ ಹಾಕಿ ಪ್ಯಾಚ್ ಬಿಡುತ್ತಾರೆ. ಅದನ್ನು ತಂದ ಇಎ ಕಂಪನಿ ಅದಾದ ಮೇಲೆ ಕ್ರಿಕೆಟ್ ಗೇಮ್ ಮಾಡುವುದನ್ನೇ ಬಿಟ್ಟಿತು. ಈಗಿನ ಕ್ರಿಕೆಟ್ ಗೇಮ್‌ಗಳಲ್ಲಿ ಮುಖ ನೋಡಿದರೆ ಇಂಥವರೇ ಅಂತ ಹೇಳಬಹುದು, ನಿಜ. ಆದರೂ ಕವರ್ ಡ್ರೈವ್ ಬಾರಿಸಿದಾಗ ಆ ಹಳೇದರ ‘ಟಕ್’ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಈಗ ಹೊಸದಕ್ಕೆ ಬರುತ್ತೇನೆ.

ನಮ್ಮ ಅಕ್ಕನ ಮನೆಯಲ್ಲಿ ದಿನಾ ನಡೆಯುವ ನಾಟಕ ಇದು. ಅಕ್ಕ ಅಡುಗೆಮನೆಯಿಂದ ಕೂಗುತ್ತಾಳೆ, ‘ಊಟಕ್ಕೆ ಬಾರೋ, ಆರ್ತಾ ಇದೆ.’ ಮಗ ಮೊಬೈಲ್‌ನಿಂದ ಕಣ್ಣು ತೆಗೆಯದೆ ಹೇಳುತ್ತಾನೆ, ‘ಅಮ್ಮ, ಮಧ್ಯದಲ್ಲಿ ನಿಲ್ಸಕ್ಕಾಗಲ್ಲ, ಆನ್‌ಲೈನು.’ ‘ಅದೆಂಥ ಆಟನೋ ಅದು, ನಿಲ್ಸಕ್ಕಾಗದೇ ಇರೋದು? ಫೋನ್ ಕಿತ್ತು ಬಿಸಾಕ್ತೀನಿ ನೋಡು.’ ಅಕ್ಕ ಅದು ಸುಳ್ಳು ಅಂದುಕೊಂಡಿದ್ದಾಳೆ. ಪಾಪ, ಹುಡುಗ ಹೇಳುವುದು ನಿಜ. ಅವನು ಆಡುವ ಬಿಜಿಎಂಐನಲ್ಲಿ, ಅಂದರೆ ಹಿಂದಿನ ಪಬ್‌ಜಿಯ ಭಾರತದ ರೂಪದಲ್ಲಿ, ನೂರು ಜನ ಒಂದೇ ದ್ವೀಪಕ್ಕೆ ಇಳಿದು ಕೊನೆಗೆ ಉಳಿದವರು ಗೆಲ್ಲುವುದು, ಕೊನೆಯವರೆಗೆ ಉಳಿದರೆ ಅರ್ಧ ಗಂಟೆ. ಒಬ್ಬನಿಗೆ ಊಟ ಬಂತು ಅಂತ ಉಳಿದ ತೊಂಬತ್ತೊಂಬತ್ತು ಜನರನ್ನು ನಿಲ್ಲಿಸಲಾಗುವುದಿಲ್ಲ. ಎದ್ದು ಹೋದರೆ ಅವನು ಸಾಯುವುದಷ್ಟೇ ಅಲ್ಲ, ಜೊತೆಗಿರುವ ಮೂವರು ಗೆಳೆಯರು ನಾಳೆ ಸ್ಕೂಲಿನಲ್ಲಿ ಬೈಯುತ್ತಾರೆ. ಈ ಗೇಮ್‌ನ ಮೊದಲ ರೂಪ ಪಬ್‌ಜಿಯನ್ನು ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿದ್ದು, 2021ರಲ್ಲಿ ಬೇರೆ ಹೆಸರಿನಲ್ಲಿ ಬಂದಿದ್ದು, 2022ರಲ್ಲಿ ಮತ್ತೆ ಹೋಗಿದ್ದು, 2023ರಲ್ಲಿ ಮತ್ತೆ ಬಂದಿದ್ದು ಎಲ್ಲ ನಿಮಗೆ ಗೊತ್ತೇ ಇದೆ. ಅಷ್ಟು ಸಲ ಹೋಗಿ ಬಂದರೂ ನಮ್ಮ ಅಕ್ಕನ ಮನೆಯ ಊಟ ಆರುವುದು ತಪ್ಪಲಿಲ್ಲ. ಗೇಮ್ ಕೆಟ್ಟದ್ದಲ್ಲ, ನಾಲ್ಕು ಜನ ಮಾತಾಡುತ್ತಾ ಆಡುವ ಮಜಾ ದೊಡ್ಡದು. ಆದರೆ ಅದು ಮನೆಯಲ್ಲಿ ಬೇರೆ ಕೆಲಸ ಇರುವವರಿಗಾಗಿ ಮಾಡಿದ್ದಲ್ಲ.

ಒಬ್ಬನೇ ಆಡುವ ಗೇಮ್‌ಗಳಲ್ಲೂ ಈ ಚಾಳಿ ಇದೆ ಅನ್ನುವುದು ನನ್ನ ಸಿಟ್ಟು. 2022ರ ಎಲ್ಡನ್ ರಿಂಗ್ ಎಷ್ಟು ಜನರಿಗೆ ಅಚ್ಚುಮೆಚ್ಚು. ಆ ಜಗತ್ತು ನೋಡಿ ನಾನೂ ಬಾಯಿ ಬಿಟ್ಟಿದ್ದೇನೆ. ಆದರೆ ಮೆನು ತೆರೆದರೂ ಗೇಮ್ ನಿಲ್ಲುವುದಿಲ್ಲ, ನೀವು ಬ್ಯಾಗಿನಲ್ಲಿ ಔಷಧಿ ಹುಡುಕುತ್ತಿದ್ದರೆ ರಾಕ್ಷಸ ಹಿಂದಿನಿಂದ ಬಂದು ಗುದ್ದುತ್ತಾನೆ. ಅದೇ ಅದರ ಸೊಗಸು ಅಂತ ಗೆಳೆಯರು ವಾದಿಸುತ್ತಾರೆ. ಇರಬಹುದು ಸ್ವಾಮಿ, ನನ್ನ ಮನೆಗೆ ರಾತ್ರಿ ಒಂಬತ್ತೂವರೆಗೆ ಕೊರಿಯರ್ ಬರುತ್ತೆ.

ಇದಕ್ಕಿಂತ ಕೆಟ್ಟದ್ದು ಎದ್ದು ಹೋದವನನ್ನು ಶಿಕ್ಷಿಸುವ ಗೇಮ್‌ಗಳು. ನಾನು ಸ್ವಲ್ಪ ದಿನ ಆಡಿದ ಒಂದು ಮೊಬೈಲ್ ಗೇಮ್, ಹೆಸರು ಬೇಡ, ದಿನಾ ತೆರೆದರೆ ಬಹುಮಾನ ಕೊಡುತ್ತಿತ್ತು, ಏಳು ದಿನ ಬಿಡದೆ ತೆರೆದರೆ ದೊಡ್ಡ ಬಹುಮಾನ, ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ. ಊರ ಜಾತ್ರೆಗೆ ಹೋಗಿದ್ದಾಗ ನೆಟ್‌ವರ್ಕ್ ಇಲ್ಲ, ಆರನೇ ದಿನ ತಪ್ಪಿತು. ವಾಪಸ್ ಬಂದಾಗ ‘ನಿಮ್ಮ ಸಾಮ್ರಾಜ್ಯಕ್ಕೆ ನಿಮ್ಮ ನೆನಪಾಗುತ್ತಿದೆ’ ಅಂತ ನೋಟಿಫಿಕೇಶನ್. ಅವತ್ತೇ ತೆಗೆದುಹಾಕಿದೆ. ಆಫೀಸಿನಲ್ಲಿ ಹಾಜರಿ ಹಾಕುತ್ತೇನಲ್ಲ, ಮನೆಗೆ ಬಂದು ಇದಕ್ಕೂ ಹಾಕಬೇಕಾ? ಮಿಠಾಯಿ ಜೋಡಿಸುವ ಕ್ಯಾಂಡಿ ಕ್ರಶ್ ಲೆಕ್ಕ ಉಲ್ಟಾ: ಅದು ತಾನೇ ಎಬ್ಬಿಸಿ ಕಳಿಸುತ್ತೆ. ಐದು ಲೈಫ್, ಮುಗಿದರೆ ಒಂದೊಂದಕ್ಕೂ ಅರ್ಧ ಗಂಟೆ ಕಾಯಬೇಕು, ಇಲ್ಲ ಅಂದರೆ ದುಡ್ಡು ಕೊಡಿ. ನೋಡಿ, ಆರ್ಕೇಡ್ ಅಂಗಡಿಯ 9, 8, 7 ಎಲ್ಲಿಗೂ ಹೋಗಿಲ್ಲ.

ಇನ್ನೊಂದು ಸಂಗತಿ ಇದೆ, ಇದರಲ್ಲಿ ಮಾತ್ರ ಹಳೇ ಗುಂಪಿನವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. 2014ರಲ್ಲಿ ದಿ ಕ್ರೂ ಅನ್ನುವ ಕಾರ್ ಗೇಮ್ ಬಂತು. ಒಬ್ಬರೇ ಆಡುವ ಕಥೆಯೂ ಇತ್ತು, ಆದರೆ ಎಲ್ಲಕ್ಕೂ ಕಂಪನಿಯ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ದುಡ್ಡು ಕೊಟ್ಟು ಡಿಸ್ಕ್ ಕೊಂಡವರ ಮನೆಯಲ್ಲಿ ಅವತ್ತು ಡಿಸ್ಕ್ ಉಳಿಯಿತು, ಗೇಮ್ ಹೋಯಿತು. ಅದರ ಸಿಟ್ಟಿನಲ್ಲೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಂತ ಒಂದು ಚಳವಳಿ ಶುರುವಾಗಿ, ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅವರು ಕೇಳುವುದು ದೊಡ್ಡದೇನಲ್ಲ: ಸರ್ವರ್ ಮುಚ್ಚುವಾಗ ಕೊಂಡವರು ಹೇಗಾದರೂ ಆಡುವ ಹಾಗೆ ಬಿಟ್ಟು ಹೋಗಿ ಅಂತ. ನಮ್ಮ 9999 ಇನ್ 1 ಕ್ಯಾಸೆಟ್ ಅಟ್ಟದಿಂದ ತೆಗೆದು, ಊದಿ ಹಾಕಿದರೆ ಈಗಲೂ ಓಡಬಹುದು. (ಊದುವುದರಿಂದ ಏನೂ ಆಗುತ್ತಿರಲಿಲ್ಲವಂತೆ, ತೆಗೆದು ಮತ್ತೆ ಹಾಕಿದಾಗ ಪಿನ್ನು ಸರಿ ಕೂತು ಓಡುತ್ತಿತ್ತು. ನಮ್ಮ ಎಂಜಲಿನಿಂದ ಪಿನ್ನು ತುಕ್ಕು ಹಿಡಿದಿದ್ದೇ ಬಂತು.)

ಇಷ್ಟು ಬೈದ ಮೇಲೂ, ಈ ಹತ್ತು ವರ್ಷದಲ್ಲಿ ಬಂದಷ್ಟು ಒಳ್ಳೆಯ ಗೇಮ್‌ಗಳು ನನ್ನ ಬಾಲ್ಯದಲ್ಲಿ ಇರಲಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಮೊದಲನೆಯದಾಗಿ ಆಟೋಸೇವ್, ಅಂದರೆ ಗೇಮ್ ತಾನೇ ಆಗಾಗ ಸೇವ್ ಮಾಡಿಕೊಳ್ಳುವುದು. ಇದನ್ನು ಕಂಡುಹಿಡಿದವರ ಹೊಟ್ಟೆ ತಣ್ಣಗಿರಲಿ. ಕನ್ಸೋಲ್‌ಗಳಲ್ಲಿ, ಅಂದರೆ ಈಗಿನ ಟಿವಿ ಗೇಮ್ ಡಬ್ಬಗಳಲ್ಲಿ, ಇನ್ನೂ ಒಂದು ಹೆಜ್ಜೆ ಮುಂದೆ, ಗೇಮ್ ನಡೆಯುತ್ತಿದ್ದ ಹಾಗೇ ಮಲಗಿಸಿ, ನಾಳೆ ಎಬ್ಬಿಸಿದರೆ ಅದೇ ಕ್ಷಣದಿಂದ ಶುರು. ಅಡಾಪ್ಟರ್ ಬಿಸಿಯಾಗುವ ಭಯ ಇಲ್ಲ.

ದೊಡ್ಡವುಗಳಲ್ಲಿ ನನಗೆ ಹಿಡಿಸಿದ್ದು ರೆಡ್ ಡೆಡ್ ರಿಡೆಂಪ್ಶನ್ 2. 2018ರದ್ದು, ಹಳೇ ಕಾಲದ ಅಮೆರಿಕದ ಡಕಾಯಿತರ ಕಥೆ. ಕಂಪ್ಯೂಟರಿನಲ್ಲಿ 150 ಜಿಬಿ ಜಾಗ ಬೇಡುತ್ತೆ, ಅಂದರೆ ಮಾರಿಯೋ ಲಕ್ಷಗಟ್ಟಲೆ ಸಲ ಹಿಡಿಸುವಷ್ಟು. ತುಂಬಾ ನಿಧಾನ ಅಂತ ಎಷ್ಟೋ ಜನ ಬಿಟ್ಟಿದ್ದಾರೆ. ನಿಜ, ಒಂದು ಡ್ರಾಯರ್ ತೆಗೆಯಬೇಕಾದರೂ ಕಥಾನಾಯಕ ಆರ್ಥರ್ ಬಗ್ಗಿ, ಕೈಯಿಂದ ಎಳೆದು, ಒಳಗಿನ ಡಬ್ಬಿ ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ, ನೀವು ಕಾಯಬೇಕು. ಹೊಡೆದಾಟದಲ್ಲಿ ಟೋಪಿ ಬಿದ್ದರೆ ಹುಡುಕಿ ಎತ್ತಿಕೊಳ್ಳಬೇಕು. ನನಗೆ ಆ ನಿಧಾನವೇ ಇಷ್ಟ. ಕಥೆ ಮುಂದೆ ಹೋಗದಿದ್ದರೂ ಪರವಾಗಿಲ್ಲ ಅಂತ ಸುಮ್ನೆ ಕುದುರೆ ಹತ್ತಿ ನದಿ ಪಕ್ಕ ಹೋಗಿ, ಒಂದು ಮೀನು ಹಿಡಿದು, ಮಲಗುವುದು. ಸ್ಟಾರ್ಟ್ ಒತ್ತಿದರೆ ಇಡೀ ಅಮೆರಿಕವೇ ನಿಲ್ಲುತ್ತೆ. ಇನ್ನೊಂದು ಖುಷಿ, ಕೊನೆಯಲ್ಲಿ ಹೆಸರುಗಳು ಓಡುವಾಗ ಬೆಂಗಳೂರಿನ ಸ್ಟುಡಿಯೋದವರೂ ಬರುತ್ತಾರೆ. 1997ರಲ್ಲೇ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರ್‌ಆಕ್ಟಿವ್ ಅನ್ನು ಕೂಡ 2019ರಲ್ಲಿ ಈ ಗೇಮ್ ಮಾಡಿದ ರಾಕ್‌ಸ್ಟಾರ್ ಕಂಪನಿಯೇ ಕೊಂಡುಕೊಂಡಿತು. ಆ ಕುದುರೆಗಳ ಹಿಂದೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತು ಬಂದವರೂ ಇರಬಹುದು.

ಆದರೆ ನನ್ನ ಕಾಲದ ನಿಜವಾದ ಹೊಸ ಗೇಮ್ ಅಂದರೆ ಸ್ಟಾರ್‌ಡ್ಯೂ ವ್ಯಾಲಿ. 2016ರಲ್ಲಿ ಬಂತು. ಎರಿಕ್ ಬರೋನ್ ಅನ್ನುವ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು, ಚಿತ್ರ, ಸಂಗೀತ, ಕೋಡ್ ಎಲ್ಲ ತಾನೇ ಮಾಡಿದ. 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ, ಈಗಲೂ ಹೊಸ ಹೊಸ ಸಂಗತಿ ಪುಕ್ಕಟೆ ಸೇರಿಸುತ್ತಾನೆ. ತಾತ ಬಿಟ್ಟು ಹೋದ ಹಾಳುಬಿದ್ದ ತೋಟ, ಅದನ್ನು ನೀವು ಸರಿಮಾಡಬೇಕು. ಅಲ್ಲಿಯ ಒಂದು ದಿನ ನಮ್ಮ ಸುಮಾರು 14 ನಿಮಿಷ. ಮಲಗಿದರೆ ಸೇವ್ ಆಗುತ್ತೆ. ಒಂದು ಗಂಟೆಗೆ ನಾಲ್ಕು ದಿನದ ಬೇಸಾಯ, ಆಮೇಲೆ ನಾನೂ ಮಲಗುತ್ತೇನೆ.

ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಇದನ್ನು ಆಡುತ್ತಿದ್ದೆ. ಅಪ್ಪ ತೆಂಗಿನ ತೋಟದವರು, ಪಕ್ಕದಲ್ಲಿ ಕೂತು ನೋಡುತ್ತಿದ್ದರು. ನಾನು ಪಾರ್ಸ್‌ನಿಪ್ ಬೀಜ ಹಾಕಿ, ನೀರು ಹಾಯಿಸಿ, ನಾಲ್ಕೇ ದಿನಕ್ಕೆ ಕಿತ್ತೆ. ‘ಏನೋ ಅದು, ಮೂಲಂಗಿನಾ?’ ಅಂದರು. ಅಂಥದ್ದೇ ಅಂದೆ. ಕಿತ್ತಿದ್ದನ್ನು ಮನೆ ಮುಂದಿನ ಮರದ ಪೆಟ್ಟಿಗೆಗೆ ಹಾಕಿ ಮಲಗಿದೆ, ಬೆಳಿಗ್ಗೆ ಎದ್ದಾಗ ದುಡ್ಡು ಬಂದಿತ್ತು. ಬೀಜಕ್ಕೆ 20, ಗೆಡ್ಡೆಗೆ 35. ಅಪ್ಪ ಕನ್ನಡಕ ಸರಿಮಾಡಿಕೊಂಡು ಸ್ಕ್ರೀನಿನ ಹತ್ತಿರ ಬಂದರು. ‘ಎಪಿಎಂಸಿ ಇಲ್ವಾ?’ ‘ಇಲ್ಲಪ್ಪ.’ ‘ದಲ್ಲಾಳಿ?’ ‘ಇಲ್ಲ.’ ‘ನಾಳೆ ರೇಟು ಬಿದ್ದೋದ್ರೆ?’ ‘ಬೀಳಲ್ಲ, ವರ್ಷವಿಡೀ 35.’ ಸ್ವಲ್ಪ ಹೊತ್ತು ನೋಡಿ, ‘ಇದನ್ನ ಮಾಡಿದೋನು ರೈತ ಅಲ್ಲ ಬಿಡು’ ಅಂತ ಎದ್ದು ಹೋದರು. ನುಸಿ ರೋಗವೂ ಇಲ್ಲಪ್ಪ ಅಂತ ಕೂಗಿದೆ, ತಿರುಗಿ ನೋಡಲಿಲ್ಲ. ಮರುದಿನ ಮಾತ್ರ ಕಾಫಿ ಕುಡಿಯುತ್ತಾ, ‘ಆ ಹಸು ಕೊಂಡ್ಯಾ?’ ಅಂತ ಕೇಳಿದರು.

ಕೊನೆಗೆ ಬಲಾಟ್ರೋ. 2024ರದ್ದು, ಇದೂ ಕೆನಡಾದ ಒಬ್ಬನೇ ಮನುಷ್ಯ ಮಾಡಿದ್ದು. ಇಸ್ಪೀಟೆಲೆ, ಪೋಕರ್ ಲೆಕ್ಕ, ಅದರ ಮೇಲೆ ನಿಯಮಗಳನ್ನೇ ತಿರುಚುವ ಜೋಕರ್‌ಗಳು. ನಿಜವಾದ ದುಡ್ಡು ಒಂದು ಪೈಸೆಯೂ ಇಲ್ಲ. ಆದರೂ ಯುರೋಪಿನಲ್ಲಿ ವಯಸ್ಸಿನ ಮಿತಿ ಹಾಕುವ ಸಂಸ್ಥೆ ಇದಕ್ಕೆ 18 ಅಂತ ಮುದ್ರೆ ಒತ್ತಿತ್ತು. ಅದೇ ಸಂಸ್ಥೆ, ನಿಜವಾದ ದುಡ್ಡು ಸುರಿದು ಆಟಗಾರರ ಪ್ಯಾಕೆಟ್ ಒಡೆಯುವ ಫುಟ್‌ಬಾಲ್ ಗೇಮ್‌ಗೆ 3 ವರ್ಷ ಸಾಕು ಅಂದಿತ್ತು! ಮೇಲ್ಮನವಿ ಆದ ಮೇಲೆ 2025ರಲ್ಲಿ ಬಲಾಟ್ರೋಗೆ 12ಕ್ಕೆ ಇಳಿಸಿದರು. ನಮ್ಮಲ್ಲೂ ಐಪಿಎಲ್ ಮಧ್ಯೆ ರಮ್ಮಿ ಜಾಹೀರಾತು ನೋಡಿ ನೋಡಿ ಸಾಕಾಗಿತ್ತು, 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ಕಾನೂನು ತಂದು ನಿಲ್ಲಿಸಿತು. ಗೇಮ್ ಅಂದರೆ ಜೂಜು ಅಂತ ನೆಂಟರಿಷ್ಟರ ತಲೆಯಲ್ಲಿ ಕೂತಿದ್ದು ಮಾತ್ರ ಯಾವ ಕಾನೂನಿಗೂ ಹೋಗುವುದಿಲ್ಲ. ಅಂದ ಹಾಗೆ ಬಲಾಟ್ರೋ ಯಾವಾಗ ಬೇಕಾದರೂ ಮುಚ್ಚಬಹುದು, ತೆರೆದರೆ ಕೈಯಲ್ಲಿ ಅವೇ ಎಲೆ. ಮುಚ್ಚಲು ಮನಸ್ಸು ಬರುವುದಿಲ್ಲ ಅನ್ನುವುದು ನನ್ನ ಹಣೆಬರಹ, ಅದು ಗೇಮ್‌ನ ತಪ್ಪಲ್ಲ.

ಜಿಟಿಎ 6 ತಗೊಳ್ತೀಯಾ ಅಂತ ಗುಂಪಿನಲ್ಲಿ ದಿನಾ ಕೇಳುತ್ತಿದ್ದಾರೆ. ಎರಡು ಸಲ ಮುಂದಕ್ಕೆ ಹೋಗಿ ಈಗ 2026ರ ನವೆಂಬರ್ 19 ಅಂತ ಘೋಷಿಸಿದ್ದಾರೆ. ಬಂದ ದಿನವೇ ಕೊಳ್ಳುವುದಿಲ್ಲ. ಬೆಲೆ ಇಳಿಯಲಿ, ಬಗ್‌ಗಳು ಸರಿಯಾಗಲಿ, ಮಗಳು ಒಂದನೇ ಕ್ಲಾಸಿಗೆ ಹೋಗಲಿ. ಅಲ್ಲಿಯವರೆಗೆ, ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯ ಸೇಲ್‌ನಲ್ಲಿ 500 ರೂಪಾಯಿಯೊಳಗೆ, ಇಂಟರ್ನೆಟ್ ಕೇಳದ, ದಿನಾ ಹಾಜರಿ ಕೇಳದ, ಕುಕ್ಕರ್ ಕೂಗಿದಾಗ ನಿಲ್ಲುವ ಗೇಮ್ ಯಾವುದಾದರೂ ಗೊತ್ತಿದ್ದರೆ ಹೇಳಿ. ಇಸ್ಪೀಟಿನದ್ದು ಬೇಡ, ಅದೊಂದರಿಂದಲೇ ನಿದ್ದೆ ಕೆಟ್ಟಿದೆ.